ಪಣದ ಲೆಕ್ಕ



ಗಾಲ್ಫ್ ಎಂದೊಡನೆ ನಮ್ಮ ಕಡೆಯವರ ಮನಸ್ಸಿನಲ್ಲಿ ಮೂಡುವುದು ಶ್ರೀಮಂತರ ಬಿಡುವಿನ ಆಟವೊಂದರ ಚಿತ್ರ. ಭಟ್ಕಳ, ಹೊನ್ನಾವರ, ಕುಮಟೆಗಳ ಜನಕ್ಕೆ ಚೆಂಡೆಂದರೆ ಕ್ರಿಕೆಟ್ಟಿನದು, ಕೋಲಿನಾಟವೆಂದರೆ ಚಿನ್ನಿದಾಂಡು. ಪಣದ ಮಾತು ಬಂದರೆ ನೆನಪಾಗುವುದು ಕೋಳಿ ಅಂಕ, ಇಸ್ಪೀಟು, ಇಲ್ಲವೆ ಎಲ್ಲರೂ ಓಸಿ ಎಂದು ಕರೆಯುವ ಮಟ್ಕಾ. ಹೀಗಿರುವಾಗ ಗಾಲ್ಫ್ ಅಂಕಣಗಳನ್ನೂ ಆ ಆಟದ ಮೇಲೆ ಕಟ್ಟುವ ಬಾಜಿಯನ್ನೂ ಕುರಿತು ಈ ಕರಾವಳಿಯ ಕೇಳುಗರ ಮುಂದೆ ಮಾತನಾಡುವುದು ಸಂಗತವೆ ಎಂಬ ಪ್ರಶ್ನೆ ಏಳಬಹುದು. ಸಂಗತವೆಂದೇ ನನ್ನ ಎಣಿಕೆ. ಪಣದ ಒಳಲೆಕ್ಕ ನಿಚ್ಚಳವಾಗಿ ಕಾಣುವ ಆಟಗಳಲ್ಲಿ ಗಾಲ್ಫ್ ಒಂದು. ಆ ಲೆಕ್ಕವನ್ನರಿಯದೆ ಮನೆ ಕಳೆದುಕೊಳ್ಳುವವರು ನಮ್ಮ ಊರುಗಳಲ್ಲೂ ಉಂಟು.

ಈ ಆಟ ಹುಟ್ಟಿ ಬೆಳೆದದ್ದು ಕಡಲ ದಂಡೆಯಲ್ಲಿ. ಸ್ಕಾಟ್ಲೆಂಡಿನಲ್ಲಿ ಸಮುದ್ರಕ್ಕೂ ಉಳುವ ನೆಲಕ್ಕೂ ನಡುವೆ ಬೇಸಾಯಕ್ಕೆ ಬಾರದ ಮರಳು ದಿಬ್ಬಗಳ ಪಟ್ಟಿಯೊಂದಿದೆ. ಅದಕ್ಕೆ ಅವರು ‘ಲಿಂಕ್ಸ್’ ಎನ್ನುತ್ತಾರೆ. ಕುರಿಗಳು ಮೇದು ಮೇದು ಹುಲ್ಲು ಗಿಡ್ಡವಾಗಿದ್ದ ಆ ನೆಲದಲ್ಲಿ ಜನ ಕೋಲಿನಿಂದ ಚೆಂಡನ್ನು ಹೊಡೆಯುತ್ತ ಕುಳಿಯಿಂದ ಕುಳಿಗೆ ಸಾಗಿದರು. ಜನರು ಬಿಲ್ವಿದ್ಯೆಯನ್ನು ಮರೆತು ಇದರಲ್ಲೇ ಮುಳುಗಿದರೆಂದು 1457ರಲ್ಲಿ ಅಲ್ಲಿಯ ಸಂಸತ್ತು ಈ ಆಟವನ್ನು ನಿಷೇಧಿಸಿತ್ತು. ಬರೆದಿಟ್ಟ ಮೊದಲ ನಿಯಮಗಳು 1744ರವು, ಅವು ಹದಿಮೂರು. ಸೇಂಟ್ ಆಂಡ್ರೂಸ್ ಊರಿನಲ್ಲಿ ಒಂದು ಸುತ್ತಿಗೆ 22 ಕುಳಿಗಳಿದ್ದುದು 1764ರಲ್ಲಿ 18ಕ್ಕೆ ಇಳಿಯಿತು. ಜಗತ್ತು ಆ ಸಂಖ್ಯೆಯನ್ನೇ ಒಪ್ಪಿಕೊಂಡಿತು.

ಧಾರೇಶ್ವರದ ದಂಡೆಯಲ್ಲೊ ಕಾಸರಕೋಡಿನ ಗಾಳಿಮರಗಳ ನಡುವೆಯೊ ನಿಂತವರಿಗೆ ಇಂಥದೇ ಮರಳು ನೆಲ ನಮ್ಮಲ್ಲೂ ಇದೆಯಲ್ಲ ಎನಿಸುವುದು ಸಹಜ. ಆದರೆ ನಮ್ಮ ಮಳೆ ಬೇರೆ, ಬಿಸಿಲು ಬೇರೆ. ಆಷಾಢದಲ್ಲಿ ಆಳೆತ್ತರಕ್ಕೆ ಏಳುವ ಹುಲ್ಲು ಫಾಲ್ಗುಣಕ್ಕೆ ಒಣಗಿ ತರಗಾಗುತ್ತದೆ. ಇಲ್ಲಿ ಗಾಲ್ಫಿನ ಹಸಿರನ್ನು ಬೇಸಗೆಯಲ್ಲೂ ಉಳಿಸಬೇಕಾದರೆ ನೀರನ್ನು ಎತ್ತಿ ಉಣಿಸಬೇಕು. ಆದರೂ ಆ ಸಾಹಸ ಈ ನೆಲದಲ್ಲಿ ನಡೆದಿದೆ. ಮುರುಡೇಶ್ವರದಲ್ಲಿ 123 ಅಡಿಯ ಶಿವನ ವಿಗ್ರಹವನ್ನು ನಿಲ್ಲಿಸಿದ ಆರ್. ಎನ್. ಶೆಟ್ಟರ ಸಂಸ್ಥೆಯೇ ಅಲ್ಲಿ ಹೆದ್ದಾರಿಯ ಬದಿಗೆ ವಸತಿಗೃಹದೊಡನೆ ಗಾಲ್ಫ್ ಅಂಕಣವನ್ನೂ ನಿರ್ಮಿಸಿತು.

ಕರ್ನಾಟಕದಲ್ಲಿ ನೋಡಬೇಕಾದ ಅಂಕಣಗಳು ಇನ್ನೂ ಕೆಲವುಂಟು. ಬೆಂಗಳೂರಿನ ಗಾಲ್ಫ್ ಕ್ಲಬ್ 1876ರದು. ಊರು ಬೆಳೆದು ಸುತ್ತುವರಿದರೂ ಅದು ತನ್ನ ಹಸಿರನ್ನು ಉಳಿಸಿಕೊಂಡಿದೆ. ಅದೇ ನಗರದ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಕಣವನ್ನು ರೂಪಿಸಿದವರು ಬ್ರಿಟಿಷ್ ಓಪನ್ ಪಂದ್ಯವನ್ನು ಐದು ಬಾರಿ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಕೊಡಗಿನ ಬಿಟ್ಟಂಗಾಲದಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಕಾಫಿ ನಾಡಿನ ಇಳಿಜಾರುಗಳ ನಡುವೆ ಚೆಂಡು ಉರುಳುತ್ತದೆ. ನಮಗೆ ಹತ್ತಿರದ್ದು ಬೇಕೆಂದರೆ ಮಂಗಳೂರಿನ ಬಳಿಯ ಪಿಲಿಕುಳ. ಇವೆಲ್ಲಕ್ಕಿಂತ ನನ್ನ ಇಂದಿನ ವಿಷಯಕ್ಕೆ ಒದಗಿ ಬರುವುದು ಮೈಸೂರಿನದು. ಚಾಮುಂಡಿ ಬೆಟ್ಟದ ಬುಡದಲ್ಲಿ, ಜಯಚಾಮರಾಜ ಒಡೆಯರ ಹೆಸರನ್ನು ಹೊತ್ತ ಆ ಗಾಲ್ಫ್ ಅಂಕಣ ಇರುವುದು ಕುದುರೆ ಜೂಜಿನ ಮೈದಾನದೊಳಗೇ. ಕುದುರೆಯ ಮೇಲೆ ಹಣ ಕಟ್ಟುವುದಕ್ಕೆ ಅಲ್ಲಿ ಕಾನೂನಿನ ಪರವಾನಗಿ ಉಂಟು. ಪಕ್ಕದಲ್ಲೇ ಉರುಳುವ ಚೆಂಡಿನ ಮೇಲೆ ಬಾಜಿ ಹಿಡಿಯುವ ಅಂಗಡಿಗೆ ಇಲ್ಲ.

ಇನ್ನು ಆಟದ ತಿರುಳು. ಪ್ರತಿಯೊಂದು ಕುಳಿಗೂ ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳ ಸಂಖ್ಯೆಯೊಂದು ಗೊತ್ತುಮಾಡಿದೆ. ಮೂರು, ನಾಲ್ಕು ಅಥವಾ ಐದು. ಅದೇ ‘ಪಾರ್’. ಹದಿನೆಂಟು ಕುಳಿಗಳಿಗೆ ಸೇರಿ ಸಾಮಾನ್ಯವಾಗಿ 72. ಕಡಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದ. ಆದರೆ ಪಳಗಿದವನೂ ಹೊಸಬನೂ ಎದುರುಬದುರಾದರೆ ಪಂದ್ಯಕ್ಕೆ ಅರ್ಥವೇನು? ಇದಕ್ಕೆ ಗಾಲ್ಫ್ ಕಂಡುಕೊಂಡ ಉಪಾಯವೇ ‘ಹ್ಯಾಂಡಿಕ್ಯಾಪ್’. ಒಬ್ಬನದು ಆರು, ಇನ್ನೊಬ್ಬನದು ಹದಿನೆಂಟು ಎಂದಿಟ್ಟುಕೊಳ್ಳೋಣ. ವ್ಯತ್ಯಾಸ ಹನ್ನೆರಡು. ಹೆಚ್ಚು ಕಠಿಣವಾದ ಹನ್ನೆರಡು ಕುಳಿಗಳಲ್ಲಿ ಬಲ್ಲವನು ಬಾರದವನಿಗೆ ಒಂದೊಂದು ಹೊಡೆತವನ್ನು ಬಿಟ್ಟುಕೊಡಬೇಕು. ಅಸಮಾನರನ್ನು ಆಟದ ಮಟ್ಟಿಗೆ ಸಮಾನರನ್ನಾಗಿಸುವ ಈ ನ್ಯಾಯ ನನಗೆ ಬಹಳ ಹಿಡಿಸಿದೆ.

ಗೆಳೆಯರು ತಮ್ಮೊಳಗೆ ಕಟ್ಟುವ ಸಣ್ಣ ಪಣಕ್ಕೂ ಈ ನ್ಯಾಯವೇ ಆಧಾರ. ಅದರಲ್ಲಿ ಹೆಸರಾಂತದ್ದು ‘ನಸ್ಸೌ’. ಮೊದಲ ಒಂಬತ್ತು ಕುಳಿಗಳಿಗೆ ಒಂದು ಪಣ, ಕೊನೆಯ ಒಂಬತ್ತಕ್ಕೆ ಒಂದು, ಇಡೀ ಸುತ್ತಿಗೆ ಮತ್ತೊಂದು. ಮೊದಲರ್ಧದಲ್ಲಿ ಸೋತವನಿಗೂ ಎರಡನೆಯ ಅರ್ಧದಲ್ಲಿ ಆಸೆ ಉಳಿಯುತ್ತದೆ. ‘ಸ್ಕಿನ್ಸ್’ ಎಂಬುದರಲ್ಲಿ ಒಂದೊಂದು ಕುಳಿಗೂ ಒಂದು ಪಣ. ಸಮಸಮವಾದರೆ ಆ ಹಣ ಮುಂದಿನ ಕುಳಿಗೆ ಸೇರುತ್ತದೆ. ಇಲ್ಲೆಲ್ಲ ಗಮನಿಸಬೇಕಾದ ಮಾತೊಂದುಂಟು. ಹಾಕಿದ ಹಣವಷ್ಟೂ ಆಡಿದವರಲ್ಲೇ ಉಳಿಯುತ್ತದೆ. ಒಬ್ಬನ ಜೇಬಿನಿಂದ ಹೋದದ್ದು ಇನ್ನೊಬ್ಬನ ಜೇಬಿಗೆ ಬಂತು. ನಡುವೆ ಸುಂಕ ಹಿಡಿಯುವವನಿಲ್ಲ.

ಬಾಜಿ ಹಿಡಿಯುವ ಅಂಗಡಿ ಬಂದೊಡನೆ ಲೆಕ್ಕ ಬದಲಾಗುತ್ತದೆ. ವಿದೇಶದ ದೊಡ್ಡ ಪಂದ್ಯಗಳಲ್ಲಿ ನೂರೈವತ್ತರಷ್ಟು ಆಟಗಾರರಿರುವುದು ವಾಡಿಕೆ. ಒಬ್ಬನಿಗೆ ‘ಒಂದಕ್ಕೆ ಹತ್ತು’ ಎಂದು ದರ ಕಟ್ಟಿದರೆಂದರೆ, ಹನ್ನೊಂದು ಬಾರಿ ಆಡಿದಾಗ ಅವನು ಒಮ್ಮೆ ಗೆದ್ದರೆ ಮಾತ್ರ ಹಣ ಕಟ್ಟಿದವನಿಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಟೈಗರ್ ವುಡ್ಸ್ ಅಮೆರಿಕದ ಪಿಜಿಎ ಸರಣಿಯಲ್ಲಿ 82 ಪಂದ್ಯಗಳನ್ನು ಗೆದ್ದ ಮಹಾ ಆಟಗಾರ. ಆತನೂ ಗೆದ್ದದ್ದು ಆಡಿದ ಪಂದ್ಯಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಕಡಮೆ. ಅಂಥವನೇ ಬಹುಪಾಲು ಸೋಲುವ ಆಟದಲ್ಲಿ ಉಳಿದವರ ಮಾತೇನು? ಅಂಗಡಿಯವನು ಎಲ್ಲ ಆಟಗಾರರಿಗೂ ಕಟ್ಟಿದ ದರಗಳನ್ನು ಶೇಕಡಾವಾರಿಗೆ ತಿರುಗಿಸಿ ಕೂಡಿದರೆ ಮೊತ್ತ ನೂರನ್ನು ಮೀರುತ್ತದೆ. ಮೀರಿದ ಭಾಗದಲ್ಲೇ ಅವನ ಬದುಕು.

ಇದನ್ನೇ ಓಸಿಗೆ ಅನ್ವಯಿಸಿ ನೋಡಿ. ಮಟ್ಕಾ ಮುಂಬಯಿಯಲ್ಲಿ 1960ರ ದಶಕದಲ್ಲಿ ಬೇರೂರಿದ್ದು. ಅದಕ್ಕೆ ಮೂಲ ನ್ಯೂಯಾರ್ಕಿನ ಹತ್ತಿಯ ಪೇಟೆಯ ತೆರೆಯುವ ಧಾರಣೆ, ಮುಚ್ಚುವ ಧಾರಣೆ. ಓಪನ್, ಕ್ಲೋಸ್ ಎಂಬುವೇ ನಮ್ಮ ಬಾಯಲ್ಲಿ ಓಸಿಯಾದವು. ಹತ್ತು ಅಂಕಿಗಳ ಮೇಲೆ ಹತ್ತು ಜನ ಒಂದೊಂದು ರೂಪಾಯಿ ಕಟ್ಟಿದರೆಂದು ಭಾವಿಸಿ. ಬಂದದ್ದು ಹತ್ತು. ಒಂದಕ್ಕೆ ಒಂಬತ್ತರಂತೆ ಗೆದ್ದವನಿಗೆ ಸಿಕ್ಕಿದ್ದು ಒಂಬತ್ತು. ಯಾವ ಅಂಕಿ ಬಿದ್ದರೂ ಒಂದು ರೂಪಾಯಿ ಅಂಗಡಿಯವನದು. ಆ ಒಂಬತ್ತನ್ನೇ ನಾಳೆ ಮತ್ತೆ ಕಟ್ಟುವ ಊರಿನಲ್ಲಿ ಕೊನೆಗೆ ಉಳಿಯುವುದೇನೆಂದು ಹೇಳಲು ಗಣಿತಜ್ಞ ಬೇಕಾಗಿಲ್ಲ. ಗಾಲ್ಫಿನಲ್ಲಿ ಆಟಗಾರನ ಕೈಚಳಕವನ್ನಾದರೂ ತೂಗಿ ನೋಡಬಹುದು. ಇಲ್ಲಿ ತೂಗುವುದಕ್ಕೆ ಏನೂ ಇಲ್ಲ. ನಿನ್ನೆ ಬಿದ್ದ ಅಂಕಿಗೂ ಕಂಡ ಕನಸಿಗೂ ನಾಳೆಯ ಅಂಕಿಯೊಡನೆ ನಂಟಿಲ್ಲ.

ಈ ವಿವೇಕ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ ನಾಡು ಇದು. ನಳನ ಕತೆ ನಮ್ಮವರಿಗೆ ಹೊಸದಲ್ಲ. ಕನಕದಾಸರು ‘ನಳಚರಿತ್ರೆ’ಯಲ್ಲಿ ಹಾಡಿದ ಆ ಕತೆ ಮೂಲದಲ್ಲಿ ಮಹಾಭಾರತದ ವನಪರ್ವದ್ದು. ನೆತ್ತದಲ್ಲಿ ರಾಜ್ಯವನ್ನು ಕಳೆದುಕೊಂಡ ಧರ್ಮರಾಯನಿಗೆ ಬೃಹದಶ್ವ ಋಷಿ ಅದನ್ನು ಹೇಳುತ್ತಾನೆ. ಬಾಹುಕನಾಗಿ ರಥ ಹೊಡೆಯುತ್ತಿದ್ದ ನಳನಿಗೆ ಋತುಪರ್ಣ ರಾಜನು ದಾರಿಯ ಒಂದು ಮರವನ್ನು ತೋರಿಸಿ, ಎರಡು ಕೊಂಬೆಗಳಲ್ಲಿ 2095 ಕಾಯಿಗಳಿವೆ ಎನ್ನುತ್ತಾನೆ. ನಳನಿಗೆ ನಂಬಿಕೆ ಬರುವುದಿಲ್ಲ. ರಥ ನಿಲ್ಲಿಸಿ ಎಣಿಸುತ್ತಾನೆ. ಲೆಕ್ಕ ಸರಿಯಾಗಿರುತ್ತದೆ. ಆ ಮರ ವಿಭೀತಕ, ಎಂದರೆ ನಮ್ಮ ಘಟ್ಟದ ಕಾಡಿನ ತಾರೆ ಮರ. ಹಿಂದಿನವರು ದಾಳವಾಗಿ ಬಳಸಿದ್ದು ಅದರ ಕಾಯನ್ನೇ. ಎಣಿಕೆ ಬಲ್ಲವನಿಗೆ ಅಕ್ಷಹೃದಯ ಒಲಿದಿದೆ ಎಂಬುದು ಕತೆಯ ಸೂಚನೆ. ಆ ವಿದ್ಯೆಯನ್ನು ನಳ ಪಡೆದ ಕ್ಷಣದಲ್ಲಿಯೇ ಕಲಿ ಅವನ ಮೈಯಿಂದ ಹೊರಬೀಳುತ್ತಾನೆ. ಲೆಕ್ಕ ತಿಳಿದಲ್ಲಿ ಕಲಿ ನಿಲ್ಲಲಾರ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಮುಂದೆ ನಳ ಪುಷ್ಕರನೊಡನೆ ಒಂದೇ ಪಣದಲ್ಲಿ ಎಲ್ಲವನ್ನೂ ಗೆದ್ದು, ಸೋತವನ ಪಾಲನ್ನು ಅವನಿಗೇ ಬಿಟ್ಟುಕೊಟ್ಟು, ಅಲ್ಲಿಗೇ ನಿಲ್ಲಿಸುತ್ತಾನೆ.

ಕಾನೂನಿನ ನಿಲುವನ್ನೂ ತಿಳಿದಿರುವುದು ಒಳಿತು. ಪಣದ ಒಪ್ಪಂದಕ್ಕೆ ಬೆಲೆಯಿಲ್ಲವೆಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. ಗೆದ್ದ ಬಾಜಿಯ ಹಣಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಅಪರಾಧವೆಂದು ಎಣಿಸಿ, ಕೌಶಲದ ಆಟಗಳನ್ನು ಬೇರೆಯಾಗಿ ಕಾಣುತ್ತದೆ. ಕುದುರೆ ಪಂದ್ಯ ಕೌಶಲದ್ದೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ಬಾಜಿ ಕೈಯೊಳಗಿನ ದೂರವಾಣಿಗೇ ಬಂದು ಕೂತ ಮೇಲೆ, 2025ರ ಆಗಸ್ಟಿನಲ್ಲಿ ಸಂಸತ್ತು ಹಣವೊಡ್ಡಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು.

ಆದರೆ ಕಾಯ್ದೆ ಕಾಯುವುದು ಬೀದಿಯನ್ನು. ಮನೆಯ ಮೂಲೆಯಲ್ಲಿ ಒಬ್ಬನೇ ಕೂತು ಬೆರಳಾಡಿಸುವ ಹುಡುಗನನ್ನು ಅದು ಎಷ್ಟರ ಮಟ್ಟಿಗೆ ಕಾದೀತು? ಕೋಳಿ ಅಂಕದಲ್ಲಿ ಸೋತವನನ್ನು ನಾಲ್ಕು ಜನ ನೋಡುತ್ತಿದ್ದರು. ಸುದ್ದಿ ಸಂಜೆಗೇ ಮನೆ ಮುಟ್ಟುತ್ತಿತ್ತು. ಈಗಿನ ಸೋಲಿಗೆ ಸಾಕ್ಷಿಯೇ ಇಲ್ಲ. ಸಾಲಗಾರ ಬಂದು ಅಂಗಳದಲ್ಲಿ ನಿಂತಾಗಲೇ ತಾಯಿಗೆ ತಿಳಿಯುವುದು. ಆದುದರಿಂದ ಹಿರಿಯರು ಬೈಯುವುದಕ್ಕೆ ಮೊದಲು ಮಕ್ಕಳೊಡನೆ ಕೂತು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಬೇಕೆಂಬುದು ನನ್ನ ಬಿನ್ನಹ. ಒಳಗೆ ಬಂದ ಹಣವೆಷ್ಟು, ಹೊರಗೆ ಹೋದದ್ದೆಷ್ಟು, ನಡುವೆ ಉಳಿಸಿಕೊಂಡವರು ಯಾರು ಎಂಬ ಮೂರೇ ಪ್ರಶ್ನೆಗಳು ಸಾಕು. ಗಾಲ್ಫ್ ನೋಡಬೇಕೆನಿಸಿದರೆ ಮಳೆಗಾಲ ಮುಗಿದ ಮೇಲೆ ಪಿಲಿಕುಳಕ್ಕೊ ಮೈಸೂರಿಗೊ ಹೋಗಿ, ಅನುಮತಿ ಪಡೆದು ಒಂದು ಬೆಳಗು ಕಳೆಯಬಹುದು. ಬಲ್ಲವನು ಬಾರದವನಿಗೆ ಹೊಡೆತ ಬಿಟ್ಟುಕೊಡುವುದನ್ನು ಕಣ್ಣಾರೆ ಕಂಡು ಬಂದರೆ ಪ್ರಯಾಣದ ಖರ್ಚು ವ್ಯರ್ಥವಾಗದು.