ಶೋನಾ ಜನರ ಹೊಲ, ಕಣಜ, ಕಲ್ಲುಕೋಟೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಆಫ್ರಿಕದ ಮಾತೇಕೆಂದು ತಾವು ಕೇಳಬಹುದು. ನಮ್ಮ ಮುದ್ದೆಯ ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ ಬಂದ ಧಾನ್ಯ. ಅದನ್ನು ಬೆಳೆದು ಉಂಡವರಲ್ಲಿ ಶೋನಾ ಜನರೂ ಸೇರಿದ್ದಾರೆ. ಜಿಂಬಾಬ್ವೆಯಲ್ಲಿ ಬಹುಸಂಖ್ಯಾತರು ಇವರೇ. ನೆರೆಯ ಮೊಜಾಂಬಿಕಿನಲ್ಲಿಯೂ ಇದ್ದಾರೆ. ಕುದಿಯುವ ನೀರಿಗೆ ಹಿಟ್ಟು ಹಾಕಿ ಗಟ್ಟಿಯಾಗಿ ತೊಳಸಿದ ಅವರ ‘ಸಾದ್ಜಾ’ ನಮ್ಮ ಮುದ್ದೆಯ ಒಡಹುಟ್ಟೇ ಸರಿ. ಹಿಂದೆ ಅದು ರಾಗಿ, ಜೋಳ, ಸಜ್ಜೆಗಳದು. ಅಮೆರಿಕದ ಮೆಕ್ಕೆಜೋಳ ಬಂದ ಮೇಲೆ ಹೆಚ್ಚಾಗಿ ಅದರದೇ.

ನಮ್ಮಲ್ಲಿ ಬೆಡಗು, ಬಳಿಗಳಿರುವಂತೆ ಅವರಲ್ಲಿ ‘ಮುಟುಪೊ’ ಉಂಟು. ಸಿಂಹ, ಆನೆ, ಕೋತಿ ಹೀಗೆ ಒಂದೊಂದು ಕುಲಕ್ಕೆ ಒಂದೊಂದು ಲಾಂಛನ. ಆ ಪ್ರಾಣಿಯ ಮಾಂಸವನ್ನು ಆ ಕುಲದವರು ತಿನ್ನರು. ಒಂದೇ ಮುಟುಪೊದವರು ಮದುವೆಯಾಗಬಾರದೆಂಬುದು ಸಂಪ್ರದಾಯ.

ಬೇಸಾಯ ಮತ್ತು ದನಕರು ಅವರ ಜೀವನಾಧಾರ. ಕಳೆ ಕೀಳುವಾಗ, ಕೊಯ್ಲಿನಲ್ಲಿ ನೆರೆಯವರನ್ನು ಕರೆದು, ಊಟವಿಟ್ಟು, ಧಾನ್ಯದ ಮದ್ಯ ಕೊಟ್ಟು ಕೆಲಸ ಮುಗಿಸುವುದು ‘ನಿಂಬೆ’, ನಮ್ಮ ಮುಯ್ಯಾಳಿನಂತೆ. ‘ಜುಂಡೆ’ ಎಂಬುದು ನಾಯಕನ ಹೆಸರಿನ ಹೊಲ. ಅಲ್ಲಿ ಎಲ್ಲರೂ ದುಡಿಯುತ್ತಾರೆ; ಬೆಳೆ ಕಣಜ ಸೇರಿ, ಬರ ಬಂದಾಗ ಅನಾಥರಿಗೂ ಮುದುಕರಿಗೂ ಸಲ್ಲುತ್ತದೆ.

ಬ್ಯಾಂಕಿನ ಕೆಲಸದವನಾದ ನನಗೆ ಹೆಚ್ಚು ಹಿಡಿಸಿದ್ದು ‘ಕುರೊಂಜೆರಾ’. ದನವುಳ್ಳವನು ಇಲ್ಲದವನಿಗೆ ಕೆಲವನ್ನು ಸಾಕಲು ಒಪ್ಪಿಸುತ್ತಾನೆ. ಹಾಲು, ಗೊಬ್ಬರ, ಉಳುಮೆ ಸಾಕಿದವನಿಗೆ. ಒಡೆತನ ಮಾತ್ರ ಕೊಟ್ಟವನದು. ಇಲ್ಲಿ ನೆರೆಹೊರೆಯ ನಂಬಿಕೆಯೇ ಜಾಮೀನು!

ಇಂಥ ಬಾಳಿಗೆ ದೊಡ್ಡ ಪೆಟ್ಟು ಬಿದ್ದುದು ನೆಲದ ಮೂಲಕ. ಬ್ರಿಟಿಷರ ಆಳ್ವಿಕೆಯಲ್ಲಿ, 1930ರ ಭೂ ಹಂಚಿಕೆ ಕಾಯಿದೆ ದೇಶದ ಸುಮಾರು ಅರ್ಧ ಭೂಮಿಯನ್ನು ಬೆರಳೆಣಿಕೆಯ ಬಿಳಿಯರಿಗೆ ಮೀಸಲಿಟ್ಟಿತು. ಹೊಲವೇ ಹೋದರೆ ಕಣಜ ತುಂಬುವುದೆಲ್ಲಿಂದ?

ನೆಲದಂತೆಯೇ ಚರಿತ್ರೆಯನ್ನೂ ಕಸಿಯುವ ಯತ್ನ ನಡೆಯಿತು. ಗ್ರೇಟ್ ಜಿಂಬಾಬ್ವೆಯ ಕೋಟೆಗೋಡೆ ಕೆಲವೆಡೆ 11 ಮೀಟರ್ ಎತ್ತರ; ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ಅಲ್ಲಿಯ ವ್ಯಾಪಾರ ಸಮುದ್ರದಾಚೆಗೂ ಹಬ್ಬಿತ್ತು. ಇದನ್ನು ಕರಿಯರು ಕಟ್ಟಿರಲಾರರು, ಹೊರಗಿನಿಂದ ಬಂದ ಫಿನೀಷಿಯನ್ನರು ಕಟ್ಟಿದ್ದೆಂದು ಹಲವರು ಸಾರಿದರು. 1905ರಲ್ಲಿ ರ‍್ಯಾಂಡಲ್ ಮ್ಯಾಕಿವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅಗೆದು ನೋಡಿ, ಇದು ಆಫ್ರಿಕದವರದೇ ಕೆಲಸವೆಂದು ತೋರಿಸಿದರು. 1980ರಲ್ಲಿ ಸ್ವತಂತ್ರವಾದ ದೇಶ ಆ ಕಲ್ಲುಮನೆಗಳ ಹೆಸರನ್ನೇ ಇಟ್ಟುಕೊಂಡಿತು.

ರಾಜಧಾನಿ ಹರಾರೆಯಲ್ಲಿ ನೆಲಸಿದ ಶೋನಾ ಮನುಷ್ಯನಿಗೂ ಹಿರಿಯರು ಮಣ್ಣಾದ ಊರೊಂದು ಉಂಟು. ಅದು ಅವನ ‘ಮುಶಾ’. ಪರಸ್ಥಳದಲ್ಲಿರುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ‘ನಿದ್ದೆ ಹೇಗೆ ಬಂತು?’ ಎಂದು ಕೇಳಿದರೆ, ‘ನಿಮಗೆ ಬಂದಿದ್ದರೆ ನನಗೂ ಬಂತು’ ಎನ್ನುವುದು ಅವರ ವಾಡಿಕೆ. ಆ ಒಂದು ಉತ್ತರದಲ್ಲಿ ಅವರ ಸಂಸ್ಕೃತಿಯೆಲ್ಲ ಅಡಗಿದೆ. ನಮ್ಮ ಸಂಘದಲ್ಲಿಯೂ ಆ ಭಾವ ಬೆಳೆಯಲೆಂದು ಹಾರೈಸಿ ನನ್ನ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.