ಯಾವುದರ ನಂತರ ಯಾವುದು?

ಭರತನಾಟ್ಯ ನೋಡಿದವರಿಗೆ ಕ್ರಮ ಗೊತ್ತು. ಅಲರಿಪುವಿನಿಂದ ಶುರು, ನಡುವೆ ವರ್ಣ, ಕೊನೆಗೆ ತಿಲ್ಲಾನ. ಈ ಜೋಡಣೆ ಅನಾದಿಯದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ತಂಜಾವೂರಿನ ನಾಲ್ವರು ಸೋದರರು ಅದಕ್ಕೊಂದು ರೂಪ ಕೊಟ್ಟರು. ಅವರಲ್ಲಿ ಹಿರಿಯರಾದ ಚಿನ್ನಯ್ಯ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲೂ ಇದ್ದರು.

ಇದು ಒಂದೇ ಶೈಲಿಯೊಳಗಿನ ಕ್ರಮ. ಆಮೇಲೆ ಬೆಂಗಳೂರಿನ ನರ್ತಕ ರಾಮಗೋಪಾಲ್ 1939ರಲ್ಲಿ ಲಂಡನ್ನಿಗೆ ಹೋದರು. ಕಥಕ್ಕಳಿ, ಭರತನಾಟ್ಯ, ಕಥಕ್ ಮೂರನ್ನೂ ಕಲಿತಿದ್ದ ಅವರು ಒಂದೇ ಸಂಜೆಗೆ ಬೇರೆಬೇರೆ ಶೈಲಿಗಳನ್ನು ಹೊಂದಿಸಿ ಆಡಿದರು.

ಶೈಲಿಗಳ ಈ ಭೇಟಿಯಲ್ಲಿ ನಿಜವಾದ ತಿರುವು 1984ರ ಮುಂಬೈಯದು. ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನದ ಗೇಯೋರ್ಗ್ ಲೆಶ್ನರ್ ಅಲ್ಲಿನ ರಾಷ್ಟ್ರೀಯ ಪ್ರದರ್ಶನ ಕಲಾ ಕೇಂದ್ರದಲ್ಲಿ (ಎನ್‌ಸಿಪಿಎ) ಪೂರ್ವ-ಪಶ್ಚಿಮ ನೃತ್ಯ ಸಮಾಗಮ ಏರ್ಪಡಿಸಿದರು. ಕಥಕ್‌ನ ಕುಮುದಿನಿ ಲಾಖಿಯಾ, ಚೆನ್ನೈಯಿಂದ ಚಂದ್ರಲೇಖಾ, ಜರ್ಮನಿಯ ಸುಸಾನೆ ಲಿಂಕೆ ಅಲ್ಲಿದ್ದರು. ಪ್ರದರ್ಶನದ ಜೊತೆಗೆ ಪ್ರಾತ್ಯಕ್ಷಿಕೆ, ಚರ್ಚೆಗಳೂ ನಡೆದವು. ಒಬ್ಬರ ಮೈ ಯಾಕೆ ಹಾಗೆ ಬಾಗುತ್ತದೆಂದು ಇನ್ನೊಬ್ಬರು ಕೇಳಬಹುದಿತ್ತು. ಮರುವರ್ಷವೇ ಚಂದ್ರಲೇಖಾ ಅವರ ‘ಆಂಗಿಕಾ’ ನೃತ್ಯಕೃತಿ ಬಂತು. ಅದರಲ್ಲಿ ಭರತನಾಟ್ಯದ ಪಕ್ಕದಲ್ಲಿ ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ ನಿಂತವು. ಮಂಡಿ ಬಾಗಿಸಿ ಅರ್ಧ ಕೂತಂತೆ ನಿಲ್ಲುವ ಅರೆಮಂಡಿಯನ್ನು ದೇವರ ಕಥೆಯ ಹಂಗಿಲ್ಲದೆ ನೋಡಲು ಹಲವರು ಕಲಿತದ್ದು ಅವರಿಂದಲೇ ಎಂದು ನನ್ನ ಅಂದಾಜು.

ಬೆಂಗಳೂರಿಗೂ ಈ ಹೊಸ ಗಾಳಿ ಬಂತು. ಮಾಸ್ಕೋದಲ್ಲಿ ನೃತ್ಯ ಸಂಯೋಜನೆ ಕಲಿತ ಮಾಯಾ ರಾವ್ 1987ರಲ್ಲಿ ತಮ್ಮ ಸಂಸ್ಥೆಯನ್ನು ದೆಹಲಿಯಿಂದ ಇಲ್ಲಿಗೆ ತಂದರು. ಜಯಚಂದ್ರನ್ ಪಾಲಾಳಿಯವರ ಸಮಕಾಲೀನ ನೃತ್ಯ ಸಂಸ್ಥೆ ಆಟ್ಟಕ್ಕಳರಿ 2000ದಲ್ಲಿ ಎರಡು ವರ್ಷಕ್ಕೊಮ್ಮೆಯ ಅಂತರರಾಷ್ಟ್ರೀಯ ಉತ್ಸವ ಶುರುಮಾಡಿತು.

ಇವತ್ತು ‘ಫ್ಯೂಷನ್’ ಹೆಸರಿನಲ್ಲಿ ನಡೆಯುವುದು ಬಹುಪಾಲು ಬೇರೆಯೇ. ಅರ್ಧ ಗಂಟೆ ಶಾಸ್ತ್ರೀಯ, ಅರ್ಧ ಗಂಟೆ ಸಮಕಾಲೀನ, ಕೊನೆಗೆ ಹಿಂದಿನ ದಿನ ಹೊಂದಿಸಿದ ಒಂದು ಒಟ್ಟು ಕುಣಿತ. ವೇದಿಕೆಯ ನೆಲದ ಬಗ್ಗೆಯಂತೂ ಯಾರೂ ಯೋಚಿಸುವುದಿಲ್ಲ! ಗೆಜ್ಜೆ ಕಟ್ಟಿ ತಟ್ಟುವವರಿಗೆ ಸದ್ದು ಕೊಡುವ ಹಲಗೆ ಬೇಕು. ಬಿದ್ದು ಹೊರಳುವವರಿಗೆ ಮೈಗೆ ಪೆಟ್ಟಾಗದ ಹಾಸು ಬೇಕು. ಒಬ್ಬರಿಗೆ ಎದುರಿಗೇ ಮೃದಂಗ, ಇನ್ನೊಬ್ಬರಿಗೆ ಧ್ವನಿಮುದ್ರಿತ ಸಂಗೀತ. ಇದನ್ನೆಲ್ಲ ಬಗೆಹರಿಸುವುದೂ ಕಾರ್ಯಕ್ರಮ ಸಂಯೋಜಕರ ಕೆಲಸವೇ.

ಉತ್ಸವ ನಡೆಸುವವರಲ್ಲಿ ಒಂದು ಕೋರಿಕೆ. ಒಬ್ಬರ ತಾಲೀಮನ್ನು ಇನ್ನೊಬ್ಬರು ಕೂತು ನೋಡಲು ಎರಡು ದಿನ ಬಿಡುವು ಕೊಡಿ, ಆ ಖರ್ಚನ್ನು ಬಜೆಟ್‌ನಲ್ಲೇ ಸೇರಿಸಿ. ಹಣ ಸಾಲದಿದ್ದರೆ ಎರಡು ತಂಡಗಳನ್ನು ಕಡಿಮೆ ಕರೆಯಿರಿ.