ಪ್ರೊಸೆಸರ್ ವೇಗ ಹೆಚ್ಚಿಸುವ ಮುನ್ನ
(ಬಾಳಗಡಿಯ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಸಾರ)



ಕಂಪನಿ ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದೇ ಓವರ್‌ಕ್ಲಾಕಿಂಗ್. ಮೂಲ ವೇಗ 100 ಮೆಗಾಹರ್ಟ್ಸ್, ಗುಣಕ 40 ಎಂದಿದ್ದರೆ ಒಟ್ಟು 4 ಗಿಗಾಹರ್ಟ್ಸ್. ಗುಣಕವನ್ನು 42 ಮಾಡಿದರೆ 4.2, ಅಂದರೆ ಶೇಕಡಾ 5ರಷ್ಟು ಲಾಭ. ಎಲ್ಲ ಪ್ರೊಸೆಸರ್‌ಗಳಲ್ಲಿ ಇದು ಸಾಧ್ಯವಿಲ್ಲ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನಲ್ಲಿ ‘ಕೆ’ ಅಕ್ಷರವಿರಬೇಕು, ಮದರ್‌ಬೋರ್ಡೂ ಅದಕ್ಕೆ ಹೊಂದಬೇಕು.

ಮೊದಲು ಮುಖ್ಯ ಫೈಲುಗಳನ್ನು ಬೇರೆಡೆ ಉಳಿಸಿಕೊಳ್ಳಿ. ಫ್ಯಾನಿನ ಧೂಳು ತೆಗೆಯಿರಿ. ಬಯಾಸ್‌ನಲ್ಲಿ ಗುಣಕವನ್ನು ಒಮ್ಮೆಗೆ ಒಂದರಷ್ಟೇ ಏರಿಸಿ, ಒಂದು ಗಂಟೆ ಪೂರ್ತಿ ಕೆಲಸ ಕೊಟ್ಟು ಶಾಖವನ್ನು ಬರೆದಿಡಿ. 85 ಡಿಗ್ರಿ ದಾಟಿದರೆ, ಯಂತ್ರ ನಿಂತುಹೋದರೆ ಹಿಂದಿನ ಅಂಕಿಗೇ ಮರಳಿ. ವೋಲ್ಟೇಜ್ ಏರಿಸುವ ಆತುರ ಬೇಡ. ಅದನ್ನು ಶೇಕಡಾ 10 ಹೆಚ್ಚಿಸಿದರೆ ವಿದ್ಯುತ್ ಬಳಕೆ ಸುಮಾರು ಶೇಕಡಾ 21 ಏರುತ್ತದೆ, ಅದೆಲ್ಲ ಶಾಖವೇ.

ನಮ್ಮ ಮಲೆನಾಡಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಅರ್ತಿಂಗ್, ಯುಪಿಎಸ್ ಇಲ್ಲದೆ ಈ ಪ್ರಯೋಗಕ್ಕೆ ಇಳಿಯಬೇಡಿ. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗನ್ನೇ ತೆಗೆದಿಡಿ.

ವಾರಂಟಿಯೂ ಹೋಗಬಹುದು, ನೆನಪಿರಲಿ. ಮನೆಗಿರುವುದು ಒಂದೇ ಕಂಪ್ಯೂಟರ್, ಅದೂ ಹೆತ್ತವರ ಬೆವರಿನ ಹಣದ್ದಾದರೆ ಮೊದಲು ಅವರನ್ನು ಕೇಳಿ. ಹಳೆಯ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿದರೆ ಅಪಾಯವಿಲ್ಲದೆ ಇದಕ್ಕಿಂತ ಹೆಚ್ಚು ಚುರುಕು ಸಿಕ್ಕೀತು. ಕಲಿಯುವ ಹಂಬಲವಿರಲಿ; ಎಲ್ಲಿ ನಿಲ್ಲಬೇಕೆಂಬ ಅರಿವೂ ಇರಲಿ.